ಕಾಚಿಗಾಲು

ಮೊದಲ ಹೆಜ್ಜೆ ಬಿದ್ದದ್ದು ಧಡ್ ಎಂದು.

ಇಸುಲ್ ಅಲ್ಲೇ ನಿಂತುಬಿಟ್ಟಳು. ನಾಲ್ಕು ವರ್ಷದ ಹುಡುಗಿಯ ಹಿಮ್ಮಡಿ ಮನೆಯ ನೆಲಕ್ಕೆ ತಾಗಿದ್ದು ಅದೇ ಮೊದಲು. ಮೊಣಕಾಲಿನ ಕೆಳಗಿನಿಂದ ಬೆರಳ ತುದಿಯವರೆಗೆ ಎರಡೂ ಕಾಲುಗಳನ್ನು ಹಿಂದಿನಿಂದ ಅಪ್ಪಿ ಹಿಡಿದಿದ್ದ ಹೊಸ ಪ್ಲಾಸ್ಟಿಕ್ ಬ್ರೇಸುಗಳನ್ನು ಒಮ್ಮೆ ನೋಡಿದಳು. ನೆಲವನ್ನು ಒಮ್ಮೆ ನೋಡಿದಳು. ಆಮೇಲೆ ಕಷ್ಟಪಟ್ಟು ಬಗ್ಗಿ, ತುಟಿಗೆ ಬೆರಳಿಟ್ಟು, ತನ್ನ ಕಾಲಿಗೇ ಗದರಿದಳು.

"ಶ್ಶ್!"

ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಮಿರಾನ್ ಚಾಕು ಕೆಳಗಿಟ್ಟಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಪರವಾಗಿಲ್ಲ ಚಿನ್ನ, ಇನ್ನೊಂದು ಹೆಜ್ಜೆ ಇಡು" ಎಂದಳು. ಆದರೆ ಹಾಗೆನ್ನುವಾಗಲೇ ಅವಳ ಕಣ್ಣು ಕೂಡ ನೆಲದ ಮೇಲೇ ಇತ್ತು. ಮಗು ಅಮ್ಮನ ಮಾತು ಕೇಳಲಿಲ್ಲ, ಅಮ್ಮನ ಕಣ್ಣು ಓದಿತು.

"ಇದು ಕೆಟ್ಟ ಕಾಲು, ಅಮ್ಮ. ಸದ್ದು ಮಾಡತ್ತೆ" ಎಂದು ಕೂತುಬಿಟ್ಟಿತು.

ಯೊಂಗ್ದೊ ದ್ವೀಪದ ಗುಡ್ಡಕ್ಕೆ ಒರಗಿ ನಿಂತ ಆ ಹಳೆಯ ಕಟ್ಟಡದಲ್ಲಿ ಹುಟ್ಟಿದ ಮಗುವಿಗೆ ಅಮ್ಮ, ಅಪ್ಪ ಎನ್ನಲು ಬರುವುದಕ್ಕೆ ಮೊದಲೇ ಗೊತ್ತಾಗುವ ಮಾತೊಂದಿದೆ: ಕಾಚಿಗಾಲು. ಕಪ್ಪು-ಬಿಳುಪಿನ ಕಾಚಿ ಹಕ್ಕಿ ಬೇಲಿಯ ಮೇಲೆ ಕೂತಂತೆ, ಹಿಮ್ಮಡಿ ಎತ್ತಿ, ಬೆರಳ ತುದಿಯಲ್ಲಿ ನಡೆಯುವುದು. ಕೆಳಗಿನ ಮನೆಯವರು ಮಲಗಿದ್ದಾರೆ, ಕಾಚಿಗಾಲು. ಕೆಳಗಿನ ಮನೆಯ ಹುಡುಗ ಪರೀಕ್ಷೆಗೆ ಓದುತ್ತಿದ್ದಾನೆ, ಕಾಚಿಗಾಲು. ಕೆಳಗಿನ ಮನೆಯವರು ಸುಮ್ಮನೆ ಕೂತಿದ್ದರೂ ಕಾಚಿಗಾಲು. ಆ ಕಟ್ಟಡ ಕಟ್ಟಿಸಿದ ಕಂಪನಿ ಒಬ್ಬರ ನೆಲಕ್ಕೂ ಇನ್ನೊಬ್ಬರ ಸೂರಿಗೂ ನಡುವೆ ಸುರಿಯಬೇಕಿದ್ದ ಕಾಂಕ್ರೀಟಿನಲ್ಲಿ ತನ್ನ ಪಾಲು ತಿಂದು ಎದ್ದುಹೋಗಿತ್ತು. ಕಂಪನಿಯ ಯಜಮಾನನ ಮನೆ ಎಲ್ಲೋ ಹುಲ್ಲುಹಾಸಿನ ಮೇಲೆ ಒಂಟಿಯಾಗಿ ನಿಂತಿದ್ದೀತು. ಅವನ ಮೊಮ್ಮಕ್ಕಳು ಕುಣಿಯುತ್ತಿದ್ದಾರು. ಅವನು ತಿಂದ ಕಾಂಕ್ರೀಟಿನ ಲೆಕ್ಕ ಇಲ್ಲಿಯ ಮಕ್ಕಳ ಹಿಮ್ಮಡಿಗೆ ಬಂದಿತ್ತು. ಸ್ವಂತ ಮನೆಯಲ್ಲಿ ಕಳ್ಳರ ಹಾಗೆ ನಡೆಯುವುದನ್ನು ಅವರು ಒಳ್ಳೆಯ ನಡತೆ ಎಂದು ಕಲಿಯುತ್ತಿದ್ದರು.

ಆ ನಡತೆಯಲ್ಲಿ ಇಸುಲಳನ್ನು ಮೀರಿಸಿದ ಮಗು ಇನ್ನೊಂದಿರಲಿಲ್ಲ.

ಕೆಳಗಿನ ಮನೆಯ ಪಿಲ್ಸುನ್ ಮೀನು ಧಕ್ಕೆಯಲ್ಲಿ ರಾತ್ರಿಪಾಳಿ ಮಾಡುವವಳು. ದೋಣಿಗಳು ತಂದು ಸುರಿದ ಬಂಗುಡೆಯನ್ನು ಹರಾಜಿಗೆ ಮುಂಚೆ ಗಾತ್ರ ನೋಡಿ ವಿಂಗಡಿಸುವ ಹೆಂಗಸರ ಗುಂಪಿನಲ್ಲಿ ಅವಳೂ ಒಬ್ಬಳು. ಊರು ಏಳುವಾಗ ಅವಳು ಮಲಗುತ್ತಿದ್ದಳು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಇಸುಲಳ ಗಲ್ಲ ಹಿಂಡಿ, "ನಿಮ್ಮನೇಲಿ ಮಗು ಇದೆ ಅಂತಾನೇ ಗೊತ್ತಾಗಲ್ಲ ಕಣೆ! ಬೆಕ್ಕಿನ್ ಮರೀನ? ನನ್ ಬಂಗಾರ!" ಎನ್ನುತ್ತಿದ್ದಳು. ಆಗಾಗ ಮಿರಾನಳ ಬಾಗಿಲ ಹಿಡಿಗೆ ಒಂದು ಚೀಲ ತೂಗುತ್ತಿತ್ತು. ಒಳಗೆ ಉಪ್ಪು ಹಚ್ಚಿದ ಎರಡು ಬಂಗುಡೆ. ಮಿರಾನಳ ಗಂಡ ಸಾಂಗ್ಹೊ ದೂರದ ಸಮುದ್ರದಲ್ಲಿ ಟ್ಯೂನಾ ಹಡಗಿನಲ್ಲಿದ್ದ. ಅವನು ಕಾಲಿಟ್ಟು ಹೋಗಿ ವರ್ಷ ಕಳೆದ ಆ ಮನೆಯ ಬಾಗಿಲಿಗೆ ಮನುಷ್ಯರ ಕೈ ತಾಗಿದ್ದರ ಗುರುತು ಅದೊಂದೇ. ಮಿರಾನ್ ಆ ಮೀನು ಹುರಿಯುವಾಗ ಬೀಗುತ್ತಿದ್ದಳು. ಮಗಳನ್ನು ಚೆನ್ನಾಗಿ ಬೆಳೆಸಿದ್ದೇನೆ ಎಂದುಕೊಳ್ಳುತ್ತಿದ್ದಳು.

ಬೀದಿಯಲ್ಲೂ ಮಗು ಹಿಮ್ಮಡಿ ಊರುವುದಿಲ್ಲ, ಓಡಿದರೆ ಮುಗ್ಗರಿಸುತ್ತದೆ ಎಂದು ಶಿಶುವಿಹಾರದವರು ಹೇಳಿದಾಗ ಅವಳಿಗೆ ಮೊದಲು ಬಂದದ್ದು ಸಿಟ್ಟು. ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಪಾದ ಹಿಡಿದು ಮೇಲಕ್ಕೆ ಒತ್ತಿದರು. ಅದು ಬಗ್ಗಲಿಲ್ಲ. ಹುಟ್ಟಿನಿಂದಲೇ ಮೀನಖಂಡ ಬಿಗಿ ಎಂದರು.

"ನಾನೇ ಹೇಳ್ಕೊಟ್ಟಿದ್ದು, ಸಾರ್. ಕಾಚಿಗಾಲಲ್ಲಿ ನಡೀ ಅಂತ. ಅದ್ರಿಂದಾನಾ?"

"ಅಲ್ಲಮ್ಮ. ಹೇಳಿಕೊಟ್ಟು ಬರೋದಲ್ಲ ಇದು. ಆದ್ರೆ ಇಷ್ಟು ದಿನ ಯಾರಿಗೂ ಗೊತ್ತಾಗ್ಲಿಲ್ವಾ?"

ಗೊತ್ತಾಗುವುದು ಹೇಗೆ? ಇಡೀ ಕಟ್ಟಡದ ಮಕ್ಕಳೇ ತುದಿಗಾಲಲ್ಲಿ ನಡೆಯುವಾಗ ಒಂದು ಮಗುವಿಗೆ ಬೇರೆ ಗತಿಯೇ ಇಲ್ಲವೆಂದು ಯಾರ ಕಣ್ಣಿಗೆ ಬಿದ್ದೀತು? ಎಲ್ಲರೂ ಶಭಾಷ್ ಎಂದಿದ್ದರು, ಅಷ್ಟೆ.

ಬ್ರೇಸು ಅಳತೆ ಮಾಡಿ ಕೊಟ್ಟ ಯುವಕ ಒಳ್ಳೆಯವನು. ಮಗುವಿಗೇ ಬಣ್ಣ ಆರಿಸಲು ಬಿಟ್ಟ. ಅದು ಹಳದಿ ಎಂದಿತು. ಮಿರಾನ್‌ಗೆ ಎಲ್ಲ ತೋರಿಸಿಕೊಟ್ಟ. ಉದ್ದನೆಯ ಕಾಲುಚೀಲ ಸುಕ್ಕಿಲ್ಲದಂತೆ ಎಳೆಯಬೇಕು. ಹಿಮ್ಮಡಿಯನ್ನು ಹಿಂದಕ್ಕೆ ಪೂರ್ತಿ ಒತ್ತಿ ಕೂರಿಸಿದ ಮೇಲೆಯೇ ಪಟ್ಟಿ ಬಿಗಿಯಬೇಕು. ಮೊದಮೊದಲು ಸ್ವಲ್ಪ ಹೊತ್ತು, ಆಮೇಲೆ ದಿನದಿನಕ್ಕೆ ಹೆಚ್ಚು. ಬಿಚ್ಚಿದಾಗ ಚರ್ಮ ನೋಡಬೇಕು. ಕೆಂಪು ಬೇಗ ಆರಿದರೆ ಸರಿ, ಆರದಿದ್ದರೆ ತಿರುಗಿ ಬರಬೇಕು.

"ಮನೇಲೂ ನಡೆಸಿ. ಮೇಲೆ ಶೂ ಹಾಕೇ ನಡೆಸಿ, ಬರೀ ಪ್ಲಾಸ್ಟಿಕ್ ಜಾರತ್ತೆ. ಮೆತ್ತೆ ಮೇಲೆ ಬೇಡ, ಗಟ್ಟಿ ನೆಲ ಬೇಕು. ಹಿಮ್ಮಡಿ ಮೊದ್ಲು ಬೀಳ್ಬೇಕು. ಧಡ್ ಅಂತ ಸದ್ದು ಬಂದ್ರೆ ಖುಷಿಪಡಿ. ಈಗ ಒಗ್ಗಿಸ್ಕೊಳ್ಳಲಿಲ್ಲ ಅಂದ್ರೆ ನರ ಇನ್ನೂ ಗಿಡ್ಡ ಆಗತ್ತೆ. ಆಮೇಲೆ ಆಪರೇಷನ್ ಮಾಡ್ದೆ ಬೇರೆ ದಾರಿ ಇರಲ್ಲ."

"ಮನೆ ಒಳಗೆ ಶೂನಾ?" ಎಂದಳು ಮಿರಾನ್.

ಯುವಕ ತಲೆ ಕೆರೆದುಕೊಂಡ. ಅವನೂ ಅದೇ ಊರಿನವನೇ. "ಹೊಸ ಶೂ ಇಟ್ಕೊಳ್ಳಿ. ಹೊರಗಡೆ ಹಾಕ್ದೇ ಇರೋದು" ಎಂದ.

ಹಿಂತಿರುಗುವಾಗ ಲಿಫ್ಟಿನಲ್ಲಿ ಮೇಲಿನ ಮಹಡಿಯ ಹೆಂಗಸೊಬ್ಬಳು ಬ್ರೇಸುಗಳನ್ನು ನೋಡಿದಳು. ಅವಳು ಮಗುವನ್ನೇನೂ ಕೇಳಲಿಲ್ಲ. ತನ್ನ ಮಗನ ಹೆಗಲು ಹಿಡಿದು ಇನ್ನೊಂದು ಬದಿಗೆ ಸರಿಸಿಕೊಂಡಳು, ಅಂಟಿಕೊಳ್ಳುವ ರೋಗದ ಮುಂದೆ ಸರಿಸಿಕೊಂಡಂತೆ. "ಬಸುರೀಲಿ ಹುಷಾರಾಗಿರ್ಬೇಕಿತ್ತು ಅಲ್ವಾ, ಪಾಪ" ಎಂದು ಲಿಫ್ಟಿನ ಕನ್ನಡಿಗೆ ಹೇಳಿದಳು. ಮಾರನೆಯ ದಿನದಿಂದ ಮಿರಾನ್ ಮಗಳಿಗೆ ಅಗಲ ಪೈಜಾಮ ತೊಡಿಸಿಯೇ ಹೊರಗೆ ಕರೆದುಕೊಂಡು ಹೋದಳು. ಹಡಗಿನಿಂದ ಫೋನು ಬಂದಾಗಲೂ "ಎಲ್ಲಾ ಚೆನ್ನಾಗಿದೆ" ಎಂದಳು.

ಮನೆಯೊಳಗೆ ಹಾಕಲೆಂದು ಕೊಂಡ ಹೊಸ ಶೂ ಪೆಟ್ಟಿಗೆಯಲ್ಲೇ ಉಳಿಯಿತು. ಅದರ ಅಟ್ಟೆಗೆ ಮಣ್ಣು ತಾಗಿರಲಿಲ್ಲ, ಮಿರಾನ್‌ಗೆ ಗೊತ್ತಿತ್ತು. ಆದರೂ ಕೈ ಬರಲಿಲ್ಲ. ಉಂಡು ಮಲಗುವ, ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಶೂ ಎಂದರೆ, ಅನ್ನದ ತಟ್ಟೆಯಲ್ಲಿ ಕಾಲಿಟ್ಟಂತೆ ಅನ್ನಿಸುತ್ತಿತ್ತು ಅವಳಿಗೆ.

ಆ ಮೊದಲ ದಿನದ ಹೆಜ್ಜೆಗಳನ್ನು ಮಗು ಪುಸಲಾಯಿಸಿದ್ದಕ್ಕೆ ಇಟ್ಟಿತು. "ಇದು ಅಪ್ಪನ ಹಡಗು ಕಣೆ, ಎರಡು ಹಡಗು. ಕಾಲು ಹತ್ತಿಸು, ಹೋಗೋಣ."

"ಹಡಗಲ್ಲ. ಪ್ಲಾಸ್ಟಿಕ್ಕು" ಎಂದಿತು ಮಗು. ಆದರೂ ಗೋಡೆ ಹಿಡಿದು ನಡೆಯಿತು. ಧಡ್. ಧಡ್. ಗೋಡೆಯ ಇಂಟರ್‌ಕಾಮ್ ಕಿರುಗುಟ್ಟಿತು.

"ಇಸುಲ್ ಅಮ್ಮ, ಗಾರ್ಡ್ ಮಾತಾಡ್ತಿರೋದು. ಊಟ ಆಯ್ತಾ?"

"ಆಯ್ತು ಮಾಮ. ನಿಮ್ದು?"

"ಆಯ್ತಮ್ಮ. ಅದೇನಂದ್ರೆ... ಕೆಳಗಿನ ಮನೆಯವ್ರು ಫೋನ್ ಮಾಡಿದ್ರು. ನಾನೇನೂ ಹೇಳ್ತಿಲ್ಲಪ್ಪ, ಅವ್ರು ಹೇಳಿದ್ದನ್ನ ಮುಟ್ಟಿಸ್ತಿದ್ದೀನಿ. ಗೋಡೆ ಗೀಡೆ ಒಡೀತಿದ್ದೀರಾ ಅಂತ ಕೇಳಿದ್ರು."

"ಇಲ್ಲ ಮಾಮ. ತಪ್ಪಾಯ್ತು ಅಂತ ಹೇಳಿ."

ಇಂಟರ್‌ಕಾಮ್ ಇಟ್ಟು ತಿರುಗಿದಾಗ ಮಗು ಮತ್ತೆ ಕೂತಿತ್ತು. ಪಟ್ಟಿ ಬಿಚ್ಚಲು ಒದ್ದಾಡುತ್ತಿತ್ತು.

ಮಿರಾನ್ ದಪ್ಪ ಚಾಪೆ ಹಾಸಿದಳು. ಬ್ರೇಸಿನ ಕಾಲು ಮೆತ್ತೆಯಲ್ಲಿ ಹೂತು ಮಗು ತೂರಾಡಿತು. ಆಗ ಅವಳಿಗೆ ಹೊಳೆದದ್ದು ಗಂಡ ಹಡಗಿಗೆ ತೊಡುವ ಉಣ್ಣೆಯ ಕಾಲುಚೀಲ. ಒಂದೊಂದನ್ನು ಬ್ರೇಸಿನ ಮೇಲೆ ಎಳೆದು ತೊಡಿಸಿದಳು. ಶೂ ಅಲ್ಲ, ಕಾಲುಚೀಲ, ಮನೆಯೊಳಗೆ ನಿಷಿದ್ಧವಲ್ಲದ್ದು. ಸದ್ದು ನಿಂತಿತು. ಮಗುವಿನ ಮುಖ ಅರಳಿತು. "ಕೇಳಿಸ್ತಿಲ್ಲ ಅಮ್ಮ! ನೋಡು, ಒಳ್ಳೇ ಕಾಲು!" ಎಂದು ಗೋಡೆ ಬಿಟ್ಟು ಓಡಿಬಂತು.

ಮೇಣದಂಥ ನುಣುಪು ನೆಲ. ಎರಡು ಕಾಲೂ ಒಟ್ಟಿಗೆ ಮುಂದಕ್ಕೆ ಹೋದವು. ಗದ್ದ ಊಟದ ಗಿಡ್ಡ ಮೇಜಿನ ಅಂಚಿಗೆ ಬಡಿಯಿತು.

ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಇಸುಲ್ ಬ್ರೇಸು ಎಂದರೆ ಕೂಗಿ ಅಳತೊಡಗಿದಳು. ಆದರೂ ಮಿರಾನ್ ದಿನಾ ಬೆಳಿಗ್ಗೆ ಅವಳ ಕೈ ಹಿಡಿದು, ಅಳುವಿನ ನಡುವೆಯೇ ಒಂದಿಷ್ಟು ಹೆಜ್ಜೆ ನಡೆಸುತ್ತಿದ್ದಳು. ಒಂದು ಬೆಳಿಗ್ಗೆ ಅವು ಇಟ್ಟ ಜಾಗದಲ್ಲಿರಲಿಲ್ಲ. ಮಡಿಸಿಟ್ಟ ಹಾಸಿಗೆಯ ನಡುವೆ, ಬಟ್ಟೆಯ ಬೀರುವಿನಲ್ಲಿ, ಎಲ್ಲ ಕಡೆ ಹುಡುಕಿ ಸುಸ್ತಾದ ಮಿರಾನ್ ಕೊನೆಗೆ ಹೊಸ್ತಿಲ ಪಕ್ಕದ ಶೂ ಗೂಡು ತೆರೆದಳು. ಹಳದಿ ಬ್ರೇಸುಗಳು ಅಪ್ಪನ ಬೂಟುಗಳ ಪಕ್ಕದಲ್ಲಿ, ಹಿಮ್ಮಡಿ ಜೋಡಿಸಿ, ಶಿಸ್ತಾಗಿ ನಿಂತಿದ್ದವು.

"ಇಲ್ಲಿ ಯಾಕಿಟ್ಟೆ?"

"ಸದ್ದು ಮಾಡೋದೆಲ್ಲ ಹೊರಗೆ ಬಿಡ್ಬೇಕಲ್ವಾ" ಎಂದಳು ಮಗಳು. ತಪ್ಪೇನಿತ್ತು ಅದರಲ್ಲಿ? ಆ ಮನೆ ಅವಳಿಗೆ ಕಲಿಸಿದ್ದನ್ನೇ ಅವಳು ಮಾಡಿದ್ದಳು.

ಅಷ್ಟು ಹೊತ್ತಿಗೆ ಬಾಗಿಲ ಹಿಡಿಗೆ ಚೀಲ ತೂಗುವುದು ನಿಂತುಹೋಗಿತ್ತು. ಲಿಫ್ಟಿನಲ್ಲಿ ಸಿಕ್ಕ ಪಿಲ್ಸುನ್ ಫೋನು ನೋಡುತ್ತ ನಿಂತಿದ್ದಳು, ಕೈ ಮಗುವಿನ ಗಲ್ಲಕ್ಕೆ ಹೋಗಲಿಲ್ಲ. ಮಿರಾನ್‌ಗೆ ತಡೆಯಲಾಗಲಿಲ್ಲ. ಪೇರುಹಣ್ಣಿನ ಪೆಟ್ಟಿಗೆಯೊಂದನ್ನು ಕೊಂಡು, ಮಗಳನ್ನು ಮೆಟ್ಟಿಲ ಮೇಲೆಯೇ ಕೂರಿಸಿ, ಕೆಳಗಿನ ಬಾಗಿಲು ತಟ್ಟಿದಳು.

ಬಾಗಿಲು ತೆರೆದ ಪಿಲ್ಸುನಳ ಕಣ್ಣು ಕೆಂಪಗಿತ್ತು, ಕಿವಿಯಲ್ಲಿ ಹತ್ತಿ ಇತ್ತು. ಎಷ್ಟು ತೊಳೆದರೂ ಹೋಗದ ಬಂಗುಡೆಯ ವಾಸನೆ ಅವಳ ಕೂದಲಿಂದ ಬಂತು.

"ಹಣ್ಣು ಯಾಕೆ ತಂದೆ? ನಿದ್ದೆ ತಾರೇ" ಎಂದಳು.

"ತಪ್ಪಾಯ್ತು ಅಕ್ಕ."

"ಕೈ ನೋಡಿಲ್ಲಿ." ಅವಳು ಊದಿದ ಬೆರಳುಗಳನ್ನು ಎತ್ತಿ ತೋರಿಸಿದಳು. "ರಾತ್ರಿಯೆಲ್ಲ ಐಸಲ್ಲಿ ಇರತ್ತೆ ಇದು. ಬಂದು ಕಣ್ಮುಚ್ಚಿದ್ರೆ ತಲೆ ಮೇಲೆ ಧಡ್, ಧಡ್. ಏನು, ಕುದುರೆ ಸಾಕಿದ್ದೀರಾ? ಮೊನ್ನೆ ಧಕ್ಕೇಲಿ ಕೂತಲ್ಲೇ ತೂಕಡಿಸಿ ಬಿದ್ದೆ. ಮೇಸ್ತ್ರಿ, 'ಅಜ್ಜಿ, ನಾಳೆಯಿಂದ ಮನೇಲೇ ಮಲಗು' ಅಂದ. ಎಲ್ರೂ ನಕ್ರು. ನನಗೇನು ನಗು ಬರತ್ತಾ?"

"ಇಲ್ಲ ಅಕ್ಕ."

"ಮೊದ್ಲು ಹೀಗಿರ್ಲಿಲ್ಲ ನಿನ್ ಮಗಳು. ಅಂಥ ಬಂಗಾರದ ಮಗು! ಏನಾಯ್ತು ಅದಕ್ಕೆ?"

ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಲಿಫ್ಟಿನ ಕನ್ನಡಿಗೆ ಆಡಿದ ಆ 'ಪಾಪ' ಕೂಡ ಅದರ ಹಿಂದೆಯೇ ಬಂತು. ಬಂಗಾರ ಎಂದ ಬಾಯಲ್ಲಿ ಪಾಪ ಎಂಬ ಮಾತು ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

"ಬೆಳೀತಿದ್ದಾಳಲ್ಲ ಅಕ್ಕ. ತುಂಟತನ. ಹೇಳ್ತೀನಿ ಅವಳಿಗೆ. ಇನ್ಮೇಲೆ ಸದ್ದಾಗಲ್ಲ." ನಡು ಬಗ್ಗಿಸಿ ತಲೆ ತಗ್ಗಿಸಿದಳು. ಇನ್ನೂ ಒಂದು ಸಲ ತಗ್ಗಿಸಿದಳು.

ಪಿಲ್ಸುನ್ ಪೆಟ್ಟಿಗೆ ತೆಗೆದುಕೊಂಡು, "ಸರಿ ಹೋಗು" ಎಂದು ಬಾಗಿಲು ಹಾಕಿದಳು.

ಮೆಟ್ಟಿಲ ಮೇಲೆ ಇಸುಲ್ ಎಲ್ಲ ಕೇಳಿಸಿಕೊಂಡಿದ್ದಳು. ಮೇಲೆ ಬಂದ ಮೇಲೆ ಅಮ್ಮನ ಮಡಿಲಲ್ಲಿ ತಲೆಯಿಟ್ಟು, ಹೊಲಿಗೆಯ ಗದ್ದ ಸವರಿಕೊಳ್ಳುತ್ತ ಕೇಳಿದಳು:

"ಅಮ್ಮ, ನಾನು ಇನ್ಮೇಲೆ ನಡೆಯಲ್ಲ ಅಂತ ಹೇಳಿದ್ಯಾ?"

"ಇಲ್ಲ ಚಿನ್ನ. ಸದ್ದಾಗಲ್ಲ ಅಂತ ಹೇಳ್ದೆ."

ಮಗು ಯೋಚಿಸಿತು. "ಹಾಗಾದ್ರೆ ತೆವಳ್ಲಾ? ತೆವಳಿದ್ರೆ ಸದ್ದೇ ಬರಲ್ಲ." ಕೆಳಗಿಳಿದು ತೆವಳಿಯೂ ತೋರಿಸಿತು. ಹೊಟ್ಟೆ ಎಳೆದುಕೊಂಡು ಹೊಸ್ತಿಲವರೆಗೆ ಹೋಗಿ, ಅಮ್ಮ ಹೊಗಳುತ್ತಾಳೆಂದು ತಿರುಗಿ ನೋಡಿತು.

ನಾಲ್ಕು ವರ್ಷಕ್ಕೇ ಈ ಮಗು ಕಾಲು ಬಿಟ್ಟುಕೊಡಲು ತಯಾರಾಗಿತ್ತು. ಒಳ್ಳೆಯವಳು ಎನ್ನಿಸಿಕೊಳ್ಳುವುದಕ್ಕೆ. ಇದನ್ನು ಕಲಿಸಿದ್ದು ಪಿಲ್ಸುನ್ ಅಲ್ಲ, ಗಾರ್ಡ್ ಮಾಮ ಅಲ್ಲ. ಈಗತಾನೆ ನಡು ಬಗ್ಗಿಸಿ ಬಂದವರು ಯಾರು?

ಅವಳು ಎದ್ದು ಹೊಸ್ತಿಲಿಗೆ ಹೋದಳು. ಶೂ ಗೂಡು ತೆರೆದಳು. ಮಗಳು ಮತ್ತೆ ಅಲ್ಲೇ ಇಟ್ಟಿದ್ದ ಬ್ರೇಸು ತೆಗೆದಳು, ಪೆಟ್ಟಿಗೆಯಿಂದ ಹೊಸ ಶೂ ತೆಗೆದಳು. ಆಮೇಲೆ ತನ್ನವೇ ಶೂ ತೆಗೆದಳು. ದಿನಾ ಮಾರುಕಟ್ಟೆಗೆ ಮೆಟ್ಟುವ, ಗುಡ್ಡದ ಮೆಟ್ಟಿಲುಗಳ ಮಣ್ಣು ಅಂಟಿದ ಶೂ. ಹೊಸ್ತಿಲ ಮೇಲೆ ಕೂತು ಕಾಲಿಗೆ ಹಾಕಿಕೊಂಡು, ದಾರ ಬಿಗಿದು, ಎದ್ದು, ಹೊರಗೆ ಹೋಗುವ ಬದಲು ಒಳಗೆ ಹೆಜ್ಜೆಯಿಟ್ಟಳು.

ಧಡ್.

ಇಸುಲಳ ಬಾಯಿ ತೆರೆದುಕೊಂಡಿತು. "ಅಮ್ಮಾ! ಶೂ!"

ಧಡ್. ಧಡ್. ಹಿಮ್ಮಡಿ ಮೊದಲು. ಅವಳಿಗೆ ನೆಲ ಬೈಯುತ್ತದೆ, ಸತ್ತ ಅತ್ತೆ ಎದ್ದು ಬರುತ್ತಾಳೆ ಅನ್ನಿಸಿತು. ಊಟದ ಮೇಜಿನ ಸುತ್ತ ಒಂದು ಸುತ್ತು ಬಂದಳು. ನೆಲದ ಮೇಲೆ ಕೆಮ್ಮಣ್ಣಿನ ಅಚ್ಚು ಬಿತ್ತು.

"ಅಮ್ಮಂಗೆ ಹುಚ್ಚು! ಅಮ್ಮ ಕೆಟ್ಟೋಳು!" ಮಗು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

"ಹೌದು ಕಣೆ, ಕೆಟ್ಟೋಳು. ಒಬ್ಬಳೇ ಕೆಟ್ಟೋಳಾಗಿ ಬೇಜಾರಾಗ್ತಿದೆ. ನೀನೂ ಬಾ."

ಮಗು ನಗುವುದನ್ನು ನಿಲ್ಲಿಸಿ ಅಮ್ಮನ ಮುಖವನ್ನೇ ದಿಟ್ಟಿಸಿತು. ತಾನಾಗಿ ಕಾಲು ಚಾಚಿತು. ಮಿರಾನ್ ಕಾಲುಚೀಲದ ಸುಕ್ಕು ತೆಗೆದಳು, ಹಿಮ್ಮಡಿ ಹಿಂದಕ್ಕೊತ್ತಿದಳು, ಪಟ್ಟಿ ಬಿಗಿದಳು, ಮೇಲೆ ಶೂ ತೊಡಿಸಿದಳು. ಇಸುಲ್ ಎದ್ದು ನಿಂತಳು. ಶೂ ನೆಲ ಕಚ್ಚಿ ಹಿಡಿಯಿತು, ಜಾರಲಿಲ್ಲ. ಒಂದು ಹೆಜ್ಜೆ. ಧಡ್. ಅಮ್ಮನ ಹೆಜ್ಜೆ. ಧಡ್. ಇಬ್ಬರೂ ಕೈ ಹಿಡಿದು ಅಡುಗೆಮನೆಯವರೆಗೆ ಹೋದರು, ತಿರುಗಿ ಬಂದರು.

ಇಂಟರ್‌ಕಾಮ್ ಕಿರುಗುಟ್ಟಿತು. ಮಿರಾನ್ ಎತ್ತಲಿಲ್ಲ. ಮತ್ತೆ ಕಿರುಗುಟ್ಟಿ ಸುಮ್ಮನಾಯಿತು. ಸ್ವಲ್ಪ ಹೊತ್ತಿನಲ್ಲಿ ಯಾರೋ ಬಾಗಿಲನ್ನು ಅಂಗೈಯಿಂದ ಬಡಿದರು.

ಮಲಗುವ ಬಟ್ಟೆಯಲ್ಲೇ ಬಂದಿದ್ದಳು ಪಿಲ್ಸುನ್. "ಹಣ್ಣು ಕೊಟ್ಟು ಇನ್ನೂ..." ಎಂದು ಶುರುಮಾಡಿದವಳ ಮಾತು ಮಿರಾನಳ ಕಾಲು ನೋಡಿ ನಿಂತಿತು. ಶೂ. ಮನೆಯೊಳಗೆ. ನೆಲದ ತುಂಬ ಮಣ್ಣಿನ ಅಚ್ಚು. "ಅಯ್ಯಯ್ಯೋ! ತಲೆ ಸರಿಯಿದೆಯೇನೇ ನಿನಗೆ?"

"ಸುಳ್ಳು ಹೇಳಿದ್ದೆ ಅಕ್ಕ. ತುಂಟತನ ಅಲ್ಲ." ಮಿರಾನ್ ಪಕ್ಕಕ್ಕೆ ಸರಿದಳು. ಮಗಳ ಪೈಜಾಮ ಮೊಣಕಾಲಿನವರೆಗೆ ಮಡಚಿತ್ತು. "ಅವಳ ಹಿಮ್ಮಡಿ ತಾನಾಗಿ ಊರಲ್ಲ. ನೀವು ಬೆಕ್ಕಿನ್ ಮರಿ ಅಂತಿದ್ರಲ್ಲ, ಆ ನಡಿಗೆ ಕಾಯಿಲೆ. ಇದನ್ನ ಹಾಕ್ಕೊಂಡು ಗಟ್ಟಿ ನೆಲದ ಮೇಲೆ ನಡೀಬೇಕು. ದಿನಾ. ಸದ್ದಾಗತ್ತೆ."

ಪಿಲ್ಸುನ್ ಹಳದಿ ಬ್ರೇಸುಗಳನ್ನು ನೋಡಿದಳು. ಅವಳ ಕೈ ಅರ್ಧ ಎದ್ದು, ಕಿವಿಯ ಹತ್ತಿಗೆ ಹೋಗಿ, ಕೆಳಗಿಳಿಯಿತು. 'ಪಾಪ' ಎನ್ನುತ್ತಾಳೆ ಎಂದು ಮಿರಾನ್ ಹಲ್ಲು ಕಚ್ಚಿ ನಿಂತಿದ್ದಳು. ಪಿಲ್ಸುನ್ ಅನ್ನಲಿಲ್ಲ.

"ಮತ್ತೆ ನಾನ್ಯಾವಾಗ ಮಲಗ್ಲಿ? ಅದನ್ ಹೇಳು."

ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರ ಯಾರಿಗಾದರೂ ಗೊತ್ತಿರಬಹುದೇ ಎಂದು ಕೇಳಿದಂತಿತ್ತು.

"ಗೊತ್ತಿಲ್ಲ ಅಕ್ಕ. ಮಧ್ಯಾಹ್ನ ಶಿಶುವಿಹಾರಕ್ಕೆ ಹೋಗಿರ್ತಾಳೆ, ಆಗ ಸದ್ದಿರಲ್ಲ. ಬೆಳಿಗ್ಗೆ ಇರತ್ತೆ."

"ಬೆಳಿಗ್ಗೇನೇ ನನ್ ನಿದ್ದೆ."

"ಹೂಂ."

ಇಬ್ಬರೂ ನಿಂತೇ ಇದ್ದರು. ಒಬ್ಬಳು ಶೂ ಹಾಕಿಕೊಂಡು ಒಳಗೆ, ಒಬ್ಬಳು ಬರಿಗಾಲಲ್ಲಿ ಹೊರಗೆ. ಇಬ್ಬರೂ ಕೇಳುತ್ತಿದ್ದದ್ದು ಅಗಾಧವಾದುದನ್ನೇನಲ್ಲ. ಒಂದು ನಿದ್ದೆ, ಒಂದು ಹೆಜ್ಜೆ. ಆ ಎರಡಕ್ಕೂ ಜಾಗವಿರಬೇಕಿದ್ದ ಕಾಂಕ್ರೀಟು ಎಂದೋ ಯಾರದೋ ಹೊಟ್ಟೆ ಸೇರಿತ್ತು. ಅವನ ಬಾಗಿಲು ಬಡಿಯಲು ಇಬ್ಬರಿಗೂ ವಿಳಾಸ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬರಿಗೊಬ್ಬರ ಬಾಗಿಲು ಮಾತ್ರ.

ಪಿಲ್ಸುನ್ ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲಲ್ಲೇ ಇಳಿದು ಹೋದಳು. ಹಿಂತಿರುಗಿ ನೋಡಲಿಲ್ಲ. ಮಿರಾನ್ ಬಾಗಿಲು ಹಾಕಿದಳು. ಇನ್ನು ಈ ಕಟ್ಟಡದಲ್ಲಿ ತನ್ನನ್ನು ಕರೆದು ಮಾತಾಡಿಸುವವರು ಯಾರೂ ಉಳಿಯಲಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಕೋಣೆಯ ನಡುವೆ ಇಸುಲ್ ಕದಲದೆ ನಿಂತಿದ್ದಳು.

"ಕೆಳಗಿನ ಅಜ್ಜಿಗೆ ಬೇಜಾರಾಯ್ತಾ?"

"ಆಯ್ತು."

"ತುಂಬಾನಾ?"

"ತುಂಬಾ."

ಮಗು ನೆಲ ನೋಡಿತು, ಅಮ್ಮನ ಕಣ್ಣು ನೋಡಿತು. ಈ ಸಲ ಅಮ್ಮನ ಕಣ್ಣು ನೆಲದ ಮೇಲಿರಲಿಲ್ಲ.

"ಆದ್ರೂ ನಡೀಲಾ?"

"ನಡಿ" ಎಂದಳು ಮಿರಾನ್.